ಹೊರಟ ಹಕ್ಕಿಯ ದಿನ ಬರೆದಿಡು

ತಮ್ಮಾ, ಹೋಳಿ ಮುಗಿದ ಮೇಲಿನ ಐತವಾರದಿಂದ ಬಸವಕಲ್ಯಾಣದ ಮಕ್ಕಳನ್ನು ಕರೆದುಕೊಂಡು ತ್ರಿಪುರಾಂತಕ ಕೆರೆಗೆ, ಕೋಟೆಗೆ ಹಕ್ಕಿ ತೋರಿಸಲು ಹೋಗುತ್ತೀ ಎಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಕುಳಿತಲ್ಲಿ ಕೂರಲು ಆಗುತ್ತಿಲ್ಲ. ಅಷ್ಟು ಸಂತೋಷವಾಗಿದೆ. ಅವತ್ತು ಹೇಳಬೇಕಾದದ್ದು ಬಹಳ ಇತ್ತು, ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಹೇಳಲಾಗಲಿಲ್ಲ. ಈಗ ಹುಮನಾಬಾದಿನ ಮನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಸಾವಕಾಶ ಓದು.

ನಿನ್ನ ಮೇಜಿನ ಮೇಲಿರುವ ಇಂಗ್ಲಿಷ್ ಪುಸ್ತಕಗಳಲ್ಲಿ ವಸಂತ ಅಂದರೆ ಹಕ್ಕಿಗಳು ಮರಳಿ ಬರುವ ಕಾಲ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಜನ ಏಪ್ರಿಲ್ ತಿಂಗಳಲ್ಲಿ ಪಾರ್ಕುಗಳಿಗೆ ಹೋಗಿ, ಮೊದಲು ಬರುವ ಹಕ್ಕಿಗಾಗಿ ಕಾಯುತ್ತಾರೆ. ನಮ್ಮ ಸೀಮೆಯಲ್ಲಿ ಇದು ತಿರುವುಮುರುವು. ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬಂದ ಹಕ್ಕಿಗಳು ಫಾಲ್ಗುಣ ಹಿಡಿದೊಡನೆ ಬುತ್ತಿ ಕಟ್ಟತೊಡಗುತ್ತವೆ. ಚೈತ್ರ ಕಳೆದು ಬಸವ ಜಯಂತಿ ಬರುವಷ್ಟರಲ್ಲಿ ಬಹುಪಾಲು ಹೋಗಿಬಿಟ್ಟಿರುತ್ತವೆ. ನೀನು ಮಕ್ಕಳಿಗೆ ತೋರಿಸಲು ಹೊರಟಿರುವುದು ಹೊರಡುವ ಹಕ್ಕಿಗಳನ್ನು. ಇದನ್ನು ಮನಸ್ಸಿನಲ್ಲಿ ಇಟ್ಟುಕೋ.

ಬಂದ ಹಕ್ಕಿಯನ್ನು ಗುರುತಿಸುವುದು ಸುಲಭ. ನಿನ್ನೆ ಇರಲಿಲ್ಲ, ಇವತ್ತು ಇದೆ, ಕಣ್ಣಿಗೆ ಬಿತ್ತು, ಬರೆದುಕೊಂಡೆ. ಹೋದ ಹಕ್ಕಿಯದು ಹಾಗಲ್ಲ. ಯಾವ ಹಕ್ಕಿಯೂ ಹೇಳಿ ಹೋಗುವುದಿಲ್ಲ. ಇವತ್ತು ಬೇಲಿಯ ಮೇಲೆ ಕುಳಿತದ್ದನ್ನು ನೋಡಿ ಮನೆಗೆ ಬರುತ್ತೀ. ಅದೇ ಈ ವರ್ಷದ ಕಡೆಯ ನೋಟವಾಗಿತ್ತೆಂದು ಗೊತ್ತಾಗುವುದು ಹತ್ತು ದಿನ ಕಳೆದ ಮೇಲೆ. ಅದೂ ಆ ಹತ್ತು ದಿನವೂ ಅಲ್ಲಿಗೆ ಹೋಗಿದ್ದವನಿಗೆ ಮಾತ್ರ. ಹಾಗಾಗಿ ಹಕ್ಕಿ ಬಂದ ದಿನ ನಮ್ಮ ದೇಶದಲ್ಲಿ ಬಹಳ ಜನ ಬರೆದಿಟ್ಟಿದ್ದಾರೆ, ಹೋದ ದಿನ ಬರೆದಿಟ್ಟವರು ಕಡಿಮೆ. ನೀನು, ನಿನ್ನ ಮಕ್ಕಳು ಆ ಕೆಲಸ ಮಾಡಬೇಕು ಎಂಬುದು ನನ್ನ ಆಸೆ.

ಮೊದಲ ದಿನ ಕೆರೆಗೆ ಹೋಗಬೇಡ, ಕೋಟೆಗೆ ಹೋಗು. ಅಲ್ಲಿ ಬಿದ್ದ ಗೋಡೆಗಳ ಕಲ್ಲಿನ ಮೇಲೆ ಗುಬ್ಬಿಯಷ್ಟೇ ದೊಡ್ಡ ಹಕ್ಕಿಯೊಂದು ಕುಳಿತು ಕೆಂಪು ಬಾಲವನ್ನು ಜ್ವರ ಬಂದವರಂತೆ ನಡುಗಿಸುತ್ತಿರುತ್ತದೆ. ಗಂಡಿನ ಎದೆ ಇದ್ದಿಲಿನ ಬಣ್ಣ, ಹೊಟ್ಟೆ ಬಾಲ ಇಟ್ಟಿಗೆಯ ಬಣ್ಣ. ಹೆಣ್ಣು ಮಣ್ಣಿನ ಬಣ್ಣದ್ದು, ಬಾಲ ಮಾತ್ರ ಕೆಂಪು. ಇಂಗ್ಲಿಷಿನಲ್ಲಿ ಬ್ಲ್ಯಾಕ್ ರೆಡ್‌ಸ್ಟಾರ್ಟ್ ಅನ್ನುತ್ತಾರೆ. ಉರ್ದು, ಹಿಂದಿ ಬಲ್ಲವರು ಥಿರಥಿರಾ ಎನ್ನುತ್ತಾರೆ. ಆ ನಡುಕವೇ ಹೆಸರಾಗಿದೆ, ಅದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ. ಇದು ಮೊಟ್ಟೆ ಇಡುವುದು ಲಡಾಖ್, ಟಿಬೆಟ್ಟಿನ ಕಡೆಯ ಎತ್ತರದ ಕಲ್ಲುಬೆಟ್ಟಗಳಲ್ಲಿ. ಅಲ್ಲಿನ ಬಂಡೆಯ ಬದಲಿಗೆ ಇಲ್ಲಿ ಚಾಲುಕ್ಯರು, ಬಹಮನಿಗಳು ಕಟ್ಟಿದ ಗೋಡೆ ಅದಕ್ಕೆ ಸಾಕು. ಒಂದು ಹಕ್ಕಿ ಒಂದು ತುಂಡು ಗೋಡೆಯನ್ನು ಚಳಿಗಾಲವಿಡೀ ತನ್ನದೆಂದು ಹಿಡಿದುಕೊಂಡಿರುತ್ತದೆ. ಅದಕ್ಕೇ ಮಕ್ಕಳಿಗೆ ತೋರಿಸಲು ಅದು ಬಲು ಒಳ್ಳೆಯದು. ಹೋದ ವಾರ ಎಲ್ಲಿತ್ತೋ ಈ ವಾರವೂ ಅಲ್ಲೇ ಸಿಗುತ್ತದೆ, ಒಂದು ದಿನ ಸಿಗುವುದಿಲ್ಲ.

ಕಲ್ಯಾಣದ ಮಕ್ಕಳಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕಾಶ್ಮೀರದಿಂದ ಬಂದು ಇಲ್ಲಿ ಕಟ್ಟಿಗೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯನ ಕತೆ ಅವರಿಗೆ ಮನೆಯಲ್ಲಿ ಕೇಳಿ ಗೊತ್ತು. ಅಷ್ಟು ದೂರದಿಂದ ಇಷ್ಟು ದೂರಕ್ಕೆ ಯಾಕೆ ಬರುತ್ತಾರೆ ಎಂದು ಅವರು ಒಮ್ಮೆ ಯೋಚಿಸಿರುತ್ತಾರೆ. ಅಲ್ಲಿಂದಲೇ ಮಾತು ಶುರು ಮಾಡು. ಆದರೆ ಹಕ್ಕಿಯನ್ನು ಶರಣನನ್ನಾಗಿ ಮಾಡಬೇಡ. ಅದು ಬಂದದ್ದು ಹುಳ ತಿನ್ನಲು, ಹೋಗುವುದು ಮರಿ ಮಾಡಲು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಮಕ್ಕಳಿಗೆ ಅದೇ ಸೋಜಿಗ.

ಯಾಕೆ ಹೋಗುತ್ತವೆ ಎಂದು ಕೇಳಿಯೇ ಕೇಳುತ್ತಾರೆ. ಸೆಖೆ ತಾಳದೆ ಅನ್ನಬೇಡ, ಅದು ಪೂರ್ತಿ ಉತ್ತರವಲ್ಲ. ಶಿವರಾತ್ರಿ ಕಳೆದು ಹಗಲು ದಿನದಿನಕ್ಕೆ ಉದ್ದವಾಗುತ್ತದೆ. ಆ ಬೆಳಕಿನ ಲೆಕ್ಕವನ್ನು ಹಕ್ಕಿಯ ಮೈ ಹಿಡಿಯುತ್ತದೆ. ಹಸಿವು ಹೆಚ್ಚುತ್ತದೆ, ತಿಂದದ್ದು ಚರ್ಮದ ಕೆಳಗೆ ಕೊಬ್ಬಾಗಿ ಕೂರುತ್ತದೆ. ಅದೇ ದಾರಿಯ ಬುತ್ತಿ. ಉತ್ತರದಲ್ಲಿ ಹಿಮ ಕರಗುವ ಹೊತ್ತಿಗೆ ಅಲ್ಲಿ ಹುಳುಹುಪ್ಪಟೆ ಉಕ್ಕುತ್ತವೆ, ಹಗಲು ಹದಿನೈದು ಹದಿನಾರು ಗಂಟೆ ಇರುತ್ತದೆ, ಮರಿಗಳಿಗೆ ಉಣಿಸಲು ಹೊತ್ತು ಸಿಗುತ್ತದೆ. ಅದಕ್ಕೆ ಹೋಗುತ್ತವೆ. ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ರಾತ್ರಿ ಹಾರುತ್ತವೆ, ನಕ್ಷತ್ರ ನೋಡಿ, ಭೂಮಿಯ ಕಾಂತಶಕ್ತಿ ಹಿಡಿದು. ಮಕ್ಕಳು ಮಾಳಿಗೆಯ ಮೇಲೆ ಮಲಗಿರುವಾಗ ಅವರ ತಲೆಯ ಮೇಲಿಂದಲೇ ಹಾದು ಹೋಗಿರುತ್ತವೆ.

ಇನ್ನೊಂದು ಸಂಗತಿ ಗಮನಿಸಲು ಹೇಳು. ದೀಪಾವಳಿಯಲ್ಲಿ ಮಂಕಾಗಿದ್ದ ಥಿರಥಿರಾ ಹೋಳಿಯ ಹೊತ್ತಿಗೆ ಕಪ್ಪಾಗಿ ಹೊಳೆಯುತ್ತದೆ. ಹೊಸ ಗರಿ ಬಂದದ್ದಲ್ಲ. ಹಳೆಯ ಗರಿಗಳ ಬೂದು ಅಂಚು ಸವೆದು ಒಳಗಿನ ಬಣ್ಣ ಹೊರಬಿದ್ದಿರುತ್ತದೆ. ಜೋಳದ ಹೊಲಗಳಿಗೆ ಬರುವ ಕರಿತಲೆ ಬಂಟಿಂಗ್ ಹಕ್ಕಿಯ ಬಣ್ಣವೂ ಬದಲಾಗುತ್ತದೆ. ಚಳಿಯಲ್ಲಿ ಅದರ ಗಂಡಿನ ತಲೆ ಕಂದು ಮಸುಕು, ಹೊರಡುವ ಹೊತ್ತಿಗೆ ಕಡುಕಪ್ಪು ಟೊಪ್ಪಿಗೆ, ಹೊಟ್ಟೆ ಹಳದಿ. ಈ ಬಂಟಿಂಗ್ ಹೋಗುವುದು ಉತ್ತರಕ್ಕಲ್ಲ, ಪಶ್ಚಿಮ ವಾಯವ್ಯಕ್ಕೆ, ಇರಾನ್, ಟರ್ಕಿ, ಆಗ್ನೇಯ ಯುರೋಪಿನವರೆಗೆ. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಂದದ್ದು ಇರಾನಿನ ಗಿಲಾನಿನಿಂದ. ನೌಬಾದಿನಲ್ಲಿ ನೆಲದಡಿ ನೀರು ಹರಿಸುವ ಕರೇಜ್ ಸುರಂಗದ ವಿದ್ಯೆ ಬಂದದ್ದೂ ಪರ್ಷಿಯಾದ ಕಡೆಯಿಂದಲೇ. ನಮ್ಮ ಬೀದರ್ ಸೀಮೆಗೆ ಆ ದಾರಿ ಹೊಸದಲ್ಲ. ಆ ದಾರಿಯಲ್ಲಿ ಈಗಲೂ ಪ್ರತಿ ವರ್ಷ ಹೋಗಿ ಬರುವವು ಈ ಹಕ್ಕಿಗಳು.

ಈಗ ಮುತ್ತಲ ಗಿಡದ ಮಾತು. ಹುಮನಾಬಾದಿನಿಂದ ಸಸ್ತಾಪುರ ಬಂಗ್ಲಾದವರೆಗೆ ಹೆದ್ದಾರಿಯ ಆಚೀಚೆ ಹೊಲದ ಬದುಗಳಲ್ಲಿ ಈ ತಿಂಗಳು ಮುತ್ತಲ ಕೆಂಪಗೆ ಹೂ ಬಿಟ್ಟಿರುತ್ತದೆ. ಆ ಗಿಡದ ಕೆಳಗೆ ಬೆಳಿಗ್ಗೆ ಹೋಗಿ ನಿಲ್ಲು. ನೂರಾರು ಹಕ್ಕಿ ಒಟ್ಟಿಗೆ ಜಗಳವಾಡುತ್ತಿರುತ್ತವೆ. ತಲೆ, ರೆಕ್ಕೆ, ಬಾಲ ಕಪ್ಪು, ಮೈ ತಿಳಿಗುಲಾಬಿ. ಗುಲಾಬಿ ಕಬ್ಬಕ್ಕಿ ಎಂದು ಪುಸ್ತಕದ ಹೆಸರು. ಗಡಿಯಾಚೆ ಮರಾಠಿಯವರು ಪಳಸ ಮೈನಾ ಅನ್ನುತ್ತಾರೆ, ಪಳಸ ಅಂದರೆ ಮುತ್ತಲವೇ. ಉರ್ದುವಿನಲ್ಲಿ ತಿಲ್ಯರ್. ಮೂರು ಭಾಷೆಯ ಹೆಸರುಗಳನ್ನೂ ಹಲಗೆಯ ಮೇಲೆ ಬರೆ. ನಿನ್ನ ತರಗತಿಯಲ್ಲಿ ಮೂರೂ ಮನೆಮಾತಿನ ಮಕ್ಕಳಿದ್ದಾರೆ, ಯಾರ ಹೆಸರನ್ನೂ ಬಿಡಬೇಡ.

ಈ ಹಕ್ಕಿಯ ವಿಷಯದಲ್ಲಿ ರೈತರ ಮುಂದೆ ತಪ್ಪು ಮಾತಾಡಬೇಡ. ಪುಷ್ಯ ಮಾಘದಲ್ಲಿ ಹಿಂಗಾರಿ ಜೋಳ ಹಾಲುಗಾಳಾಗಿ ಸೀತನಿಗೆ ಬಂದಾಗ ಇವು ಹಿಂಡುಹಿಂಡಾಗಿ ಬಂದು ಬೀಳುತ್ತವೆ. ಮಂಚಿಗೆಯ ಮೇಲೆ ನಿಂತು ಕವಣೆ ಬೀಸಿ ಬೀಸಿ ಹೊಲದವನ ರಟ್ಟೆ ಸೋತಿರುತ್ತದೆ. ಅವನ ಎದುರಿಗೆ ನಿಂತು ಹಕ್ಕಿ ಬಹಳ ಉಪಕಾರಿ ಅಂತ ಪಾಠ ಹೇಳಿದರೆ ಅವನು ನಿನ್ನ ಮಾತನ್ನು ಯಾಕೆ ಕೇಳಬೇಕು? ಹಾನಿ ಆಗುತ್ತದೆ ಎಂದು ಮೊದಲು ಒಪ್ಪಿಕೋ. ಆಮೇಲೆ ಉಳಿದದ್ದು ಹೇಳು. ಇದೇ ಹಕ್ಕಿ ಮೇ, ಜೂನ್‌ನಲ್ಲಿ ಕಜಾಕಸ್ತಾನದಲ್ಲಿ, ಚೀನಾದ ಶಿನ್‌ಜಿಯಾಂಗ್‌ನಲ್ಲಿ ಮರಿ ಮಾಡುವಾಗ ತಿನ್ನುವುದು ಮಿಡತೆಯನ್ನು. ಶಿನ್‌ಜಿಯಾಂಗ್‌ನಲ್ಲಿ ಮಿಡತೆ ಹಾವಳಿ ತಡೆಯಲೆಂದೇ ಇವು ಗೂಡು ಕಟ್ಟಲು ಕಲ್ಲಿನ ರಾಶಿ ಹಾಕಿಕೊಡುತ್ತಾರೆ. ನಮ್ಮ ಹೊಲದಲ್ಲೂ ಕಾಳಿನ ಜೊತೆ ಹುಳವನ್ನೂ ತಿನ್ನುತ್ತವೆ. ನಾವು ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ, ಭಜ್ಜಿ ಉಣ್ಣುವ ಮೊದಲು ಚರಗ ಚೆಲ್ಲುವವರು. ಭೂಮಿಗೆಂದು ಚೆಲ್ಲಿದ್ದನ್ನು ತಿನ್ನುವುದು ಹಕ್ಕಿಗಳೇ. ನಮ್ಮ ರೈತನಿಗೆ ಇದು ಗೊತ್ತಿಲ್ಲದ್ದಲ್ಲ.

ಎರಡನೆಯ ವಾರ ಕೆರೆಗೆ ಹೋಗು. ನೀರಿದ್ದ ವರ್ಷ ತ್ರಿಪುರಾಂತಕ ಕೆರೆಯ ಅಂಚಿನಲ್ಲಿ ಗೊರವಗಳು ಓಡಾಡುತ್ತವೆ, ಹಳದಿ ಸಿಪಿಲೆಗಳು ಬಾಲ ಕುಣಿಸುತ್ತವೆ. ಅನುಭವ ಮಂಟಪಕ್ಕೆ ಬಂದ ಯಾತ್ರಿಕರು ನಿಮ್ಮನ್ನು ನೋಡಿ ನಿಲ್ಲುತ್ತಾರೆ, ಏನು ನೋಡುತ್ತಿದ್ದೀರಿ ಎಂದು ಕೇಳುತ್ತಾರೆ. ಅವರಿಗೂ ದುರ್ಬೀನು ಕೊಡು. ವಚನಗಳಲ್ಲಿ ಹಂಸ, ಚಕೋರ, ಗಿಳಿ, ಕಾಗೆ, ಕೋಳಿ ಎಷ್ಟು ಸಲ ಬರುತ್ತವೆ ಎಂಬುದನ್ನು ನಿನಗಿಂತ ಅವರು ಚೆನ್ನಾಗಿ ಬಲ್ಲರು. ಇರುಳಲ್ಲಿ ಜೋಡಿ ಅಗಲುತ್ತದೆಂದು ಕವಿಗಳು ಹೇಳಿದ ಚಕ್ರವಾಕ ಕಟ್ಟುಕತೆಯ ಹಕ್ಕಿಯಲ್ಲ, ಕೇಸರಿ ಮೈಯ ದೊಡ್ಡ ಬಾತು, ಅದೂ ಲಡಾಖ್ ಟಿಬೆಟ್ಟಿನಿಂದ ಚಳಿಗೆ ನಮ್ಮ ನೀರಿಗೆ ಬಂದು ಹೋಗುವುದೇ ಎಂದು ಹೇಳಿದರೆ ಅವರ ಮುಖ ಅರಳುವುದನ್ನು ನೋಡು. ಇದೇ ಕಲ್ಯಾಣದಲ್ಲಿ 1129ರ ಸುಮಾರಿಗೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗಿಡುಗನ ಬೇಟೆ, ಲಾವುಗೆಗಳ ಕಾಳಗ, ಪಾರಿವಾಳದ ವಿನೋದಗಳ ಬಗ್ಗೆ ಬೇರೆ ಬೇರೆ ಅಧ್ಯಾಯಗಳಿವೆ. ಅರಸನಿಗೆ ಅವು ಆಟ. ಆದರೂ ಹಕ್ಕಿಯನ್ನು ಹತ್ತಿರದಿಂದ ನೋಡಿ ಬರೆದಿಡಬೇಕು ಎಂದು ಈ ಊರಿನಲ್ಲಿ ಒಬ್ಬನಿಗೆ ಒಂಬೈನೂರು ವರ್ಷದ ಹಿಂದೆಯೇ ಅನ್ನಿಸಿತ್ತಲ್ಲ, ಅದು ನನಗೆ ಹೆಮ್ಮೆಯ ಸಂಗತಿ.

ಹುಮನಾಬಾದಿನ ಮಕ್ಕಳನ್ನೂ ಸೇರಿಸುವುದಾದರೆ ಮಾಣಿಕನಗರಕ್ಕೆ ಕರೆದುಕೊಂಡು ಬಾ. ಗುರುಗಂಗಾ, ವಿರಜಾ ಕೂಡುವ ಕಡೆ ಹರಿಯುವ ನೀರು ಇದ್ದರೆ ಬೂದು ಸಿಪಿಲೆ ಸಿಗುತ್ತದೆ. ಬೆನ್ನು ಬೂದು, ಬಾಲದ ಬುಡ ಹಳದಿ, ನಡೆದರೆ ಮೈಯೆಲ್ಲ ತೂಗುತ್ತದೆ. ಇದು ಚಳಿಗೆ ಬೇಗ ಬರುತ್ತದೆ, ಗಣೇಶ ಚೌತಿಯ ಹೊತ್ತಿಗೇ ಕೆಲವು ವರ್ಷ ಕಂಡಿದ್ದೇನೆ. ಹೋಗುವುದೂ ಬೇಗ.

ಕಾರಂಜಾ ಜಲಾಶಯದ ಹಿನ್ನೀರಿಗೆ ಹೋಗಬೇಕೆಂದು ಮಕ್ಕಳು ಹಟ ಮಾಡುತ್ತಾರೆ. ಅಲ್ಲಿಗೆ ವರ್ಷಕ್ಕೊಮ್ಮೆ ಸಾಕು, ಅದೂ ಫೆಬ್ರವರಿ ಒಳಗೆ. ಬಿಳಿ ತಲೆಯ ಮೇಲೆ ಎರಡು ಕರಿಪಟ್ಟೆ ಇರುವ ಪಟ್ಟೆತಲೆ ಬಾತು ಹಗಲು ನೀರಿನಲ್ಲಿ ವಿಶ್ರಾಂತಿ ತೆಗೆದುಕೊಂಡು ಸಂಜೆ ಹೊಲಗಳಿಗೆ ಹಾರುತ್ತದೆ. ಕಡಲೆ ಎಂದರೆ ಅದಕ್ಕೂ ಪ್ರೀತಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇವು ಸಾವಿರಗಟ್ಟಲೆ ಬರುತ್ತವೆ. ಆ ಕೆರೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಇವು ಹಿಮಾಲಯ ದಾಟುವಾಗ 7000 ಮೀಟರಿಗೂ ಮೇಲೆ ಹಾರಿದ್ದನ್ನು ಯಂತ್ರ ಕಟ್ಟಿ ಅಳೆದಿದ್ದಾರೆ. ಇಷ್ಟು ಹೇಳು, ಸಾಕು. ಹತ್ತಿರ ಹೋಗಿ ಎಬ್ಬಿಸಬೇಡ. ಮಾರ್ಚಿನಲ್ಲಿ ಅವು ತಿನ್ನುವ ಒಂದೊಂದು ಕಾಳೂ ಆ ಬೆಟ್ಟ ದಾಟಲು ಬೇಕಾದದ್ದು. ಸುಮ್ಮನೆ ಒಮ್ಮೆ ಹಾರಿಸಿದರೆ ಅಷ್ಟು ಬುತ್ತಿ ಖರ್ಚು.

ನಡೆಸುವ ರೀತಿಯ ಬಗ್ಗೆ ಎರಡು ಮಾತು. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು, ಎಂಟೂವರೆಗೆ ಮುಗಿಸಬೇಕು. ನಮ್ಮ ಸೀಮೆಯ ಬಿಸಿಲು ನಿನಗೆ ಗೊತ್ತು, ಒಂಬತ್ತರ ಮೇಲೆ ಹಕ್ಕಿಯೂ ನೆರಳು ಹುಡುಕುತ್ತದೆ, ಮಗುವೂ ಹುಡುಕುತ್ತದೆ. ಹದಿನೈದು ಜನಕ್ಕಿಂತ ಹೆಚ್ಚು ಬೇಡ. ಸೂರ್ಯ ಬೆನ್ನಿಗಿರುವಂತೆ ನಿಲ್ಲಿಸು, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪೇ ಕಾಣುತ್ತದೆ. ದುರ್ಬೀನು ಎರಡೇ ಇದ್ದರೆ ಅದು ಹಿಂದೆ ನಿಂತ ಹುಡುಗಿಯ ಕೈಗೆ ಮೊದಲು ಹೋಗಲಿ. ಮುಂದೆ ನುಗ್ಗುವವರು ಹೇಗೂ ನೋಡುತ್ತಾರೆ. ಮೊದಲ ಹತ್ತು ನಿಮಿಷ ದುರ್ಬೀನು ಕೊಡಲೇಬೇಡ, ಕಣ್ಣು ಮುಚ್ಚಿ ನಿಲ್ಲಲು ಹೇಳು. ಎಷ್ಟು ದನಿ ಕೇಳಿದವು, ಯಾವ ದಿಕ್ಕಿನಿಂದ ಎಂದು ಕೇಳು. ಬೇವಿನ ಗಿಡದಲ್ಲಿ, ಬೇಲಿಯಲ್ಲಿ ಚಳಿಗಾಲವಿಡೀ ಚಕ್ ಚಕ್ ಎಂದಷ್ಟೇ ಅನ್ನುತ್ತಿದ್ದ ಮಣ್ಣುಬಣ್ಣದ ಸಣ್ಣ ಉಲಿಯಕ್ಕಿಯೊಂದಿದೆ. ಬ್ಲೈತ್ ಎಂಬ ಪಕ್ಷಿತಜ್ಞನ ಹೆಸರು ಅದರ ಇಂಗ್ಲಿಷ್ ಹೆಸರಿನ ಜೊತೆ ಸೇರಿಕೊಂಡಿದೆ. ಅದು ಏಪ್ರಿಲ್‌ನಲ್ಲಿ ಹೊರಡುವ ಕೆಲವು ದಿನ ಮುಂಚೆ ಇದ್ದಕ್ಕಿದ್ದಂತೆ ಹಾಡತೊಡಗುತ್ತದೆ. ಕಣ್ಣಿಗೆ ಬೀಳದ ಈ ಹಕ್ಕಿ ಹೊರಡಲು ಸಿದ್ಧವಾಗಿದೆ ಎಂದು ಕಿವಿಯಿಂದಲೇ ತಿಳಿಯಬೇಕು.

ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಹತ್ತಿರ ಕರೆಯುವವರು ಇದ್ದಾರೆ. ನೀನು ಮಾಡಬೇಡ, ಮಾಡಲು ಬಿಡಬೇಡ. ಎದುರಾಳಿ ಬಂದನೆಂದು ತಿಳಿದು ಅದು ತಿನ್ನುವುದು ಬಿಟ್ಟು ಹುಡುಕಾಡುತ್ತದೆ. ಗೂಡಿನ ಹತ್ತಿರ ಹೋಗುವುದೂ ಬೇಡ. ಇದನ್ನು ನಾನು ತಪ್ಪು ಮಾಡಿ ಕಲಿತವನು. ಮಾಸ್ತರಿಕೆಯ ಮೊದಲ ವರ್ಷಗಳಲ್ಲಿ ಒಂದು ಬೇಸಿಗೆ ಇಪ್ಪತ್ತು ಮಕ್ಕಳನ್ನು ಟಿಟವಿಯ ಮೊಟ್ಟೆ ತೋರಿಸಲು ಕರೆದುಕೊಂಡು ಹೋದೆ. ಬಯಲು ನೆಲದ ಹರಳಿನ ನಡುವೆ ನಾಲ್ಕು ಮೊಟ್ಟೆ, ಕಲ್ಲಿನ ಹಾಗೆಯೇ. ತಾಯಿ ತಲೆಯ ಮೇಲೆ ಸುತ್ತಿ ಸುತ್ತಿ ಕೂಗಿತು. ನಾವು ಅರ್ಧ ಗಂಟೆ ಅಲ್ಲೇ ನಿಂತು ಚಿತ್ರ ಬರೆದೆವು. ಅಷ್ಟು ಹೊತ್ತು ಏಪ್ರಿಲ್ ಬಿಸಿಲು ಮೊಟ್ಟೆಯ ಮೇಲೆ ಬಿತ್ತು. ಮಾರನೆಯ ವಾರ ಹೋದಾಗ ಮೊಟ್ಟೆಗಳು ಹಾಗೇ ಇದ್ದವು, ತಾಯಿ ಇರಲಿಲ್ಲ. ಆ ನಾಲ್ಕು ಮೊಟ್ಟೆ ಇಂದಿಗೂ ನನ್ನ ಕಣ್ಣ ಮುಂದೆ ಇವೆ.

ಬಲ್ಲವರನ್ನು ಕೇಳಲು ನಾಚಬೇಡ. ಕುರಿ ಕಾಯುವ ಹಿರಿಯರು, ಕೆರೆಯಲ್ಲಿ ಬಲೆ ಬೀಸುವವರು, ಹಿಂದೆ ಬುರ್ಲಿ ಹಕ್ಕಿ ಹಿಡಿಯುತ್ತಿದ್ದವರು, ಇವರೆಲ್ಲ ಯಾವ ಪುಸ್ತಕವನ್ನೂ ಓದದೆ ಹಕ್ಕಿಯ ನಡೆ ಕಲಿತವರು. ಹಿಡಿಯುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ, ಅದನ್ನು ಅವರಿಗೆ ಸ್ಪಷ್ಟವಾಗಿ ಹೇಳಬೇಕು. ಆದರೆ ಅವಮಾನ ಮಾಡಬೇಡ. ಅಂಥವರೊಬ್ಬರನ್ನು ಒಂದು ಐತವಾರ ಮಕ್ಕಳ ಮುಂದೆ ಗುರುಗಳಾಗಿ ನಿಲ್ಲಿಸು, ಅವರ ಮನೆಯ ಹುಡುಗನನ್ನು ನಿನ್ನ ತಂಡಕ್ಕೆ ಸೇರಿಸಿಕೋ. ಸಲೀಂ ಅಲಿ 1931–32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ನಮ್ಮ ಬೀದರ್ ಜಿಲ್ಲೆ ಆ ಸಂಸ್ಥಾನದೊಳಗೇ ಇತ್ತು. ಅಂಥ ದೊಡ್ಡ ವಿದ್ವಾಂಸರಿಗೂ ಹಳ್ಳಿಯವರ, ಬೇಟೆಗಾರರ ತಿಳಿವಳಿಕೆ ಬೇಕಾಗಿತ್ತು.

ಬರೆಯುವ ವಿಷಯಕ್ಕೆ ಬರುತ್ತೇನೆ. ಜಲಸಂಗಿಯ ಚಾಲುಕ್ಯ ಗುಡಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗು. ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಕಲ್ಲಿನ ಮೇಲೆ ಬರೆಯುತ್ತ ನಿಂತಿದ್ದಾಳೆ. ಬರೆದದ್ದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಆ ದೊರೆ ಆಳಿದ್ದು 1076ರಿಂದ 1126ರವರೆಗೆ. ಅರಮನೆ ಹೋಯಿತು, ಆಕೆ ಬರೆದದ್ದು ಉಳಿಯಿತು. ಬರೆದಿಡು ಎಂದು ಮಕ್ಕಳಿಗೆ ನೀನು ಬೇರೆ ಹೇಳಬೇಕಾಗಿಲ್ಲ, ಅವಳ ಮುಂದೆ ನಿಲ್ಲಿಸಿದರೆ ಸಾಕು.

ಪ್ರತಿ ಮಗುವಿಗೂ ಇನ್ನೂರು ಪುಟದ ಒಂದು ವಹಿ. ದಿನ, ಹೊತ್ತು, ಜಾಗ, ಹಕ್ಕಿ, ಎಷ್ಟು. ನಮ್ಮ ಜನ ಹಬ್ಬದ ಲೆಕ್ಕದಲ್ಲಿ ನೆನಪಿಡುತ್ತಾರೆ, ಯುಗಾದಿಗೆ ಇತ್ತು, ದವನದ ಹುಣ್ಣಿಮೆಗೆ ಹೋಯಿತು ಎಂದು. ಅದನ್ನೂ ಬರೆಯಲಿ, ಆದರೆ ಪಕ್ಕದಲ್ಲಿ ಇಂಗ್ಲಿಷ್ ತಾರೀಖು ಕಡ್ಡಾಯ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, ಈ ಸಲ ಮಾರ್ಚ್ 19ಕ್ಕೆ. ಹಬ್ಬ ಚಂದ್ರನ ಲೆಕ್ಕದಲ್ಲಿ ಓಡಾಡುತ್ತದೆ. ಹಕ್ಕಿ ಹೊರಡುವುದು ಸೂರ್ಯನ ಬೆಳಕಿನ ಲೆಕ್ಕದಲ್ಲಿ. ಎರಡೂ ಬರೆದರೆ ಹತ್ತು ವರ್ಷದ ಮೇಲೆ ಹಕ್ಕಿಗಳು ಮೊದಲಿಗಿಂತ ಬೇಗ ಹೋಗುತ್ತಿವೆಯೋ ತಡವಾಗಿಯೋ ಎಂದು ತಿಳಿಯುತ್ತದೆ. ಏನೂ ಕಾಣದ ದಿನ ಏನೂ ಕಾಣಲಿಲ್ಲ ಎಂದೇ ಬರೆಯಲಿ. ಅದು ಖಾಲಿ ದಿನವಲ್ಲ. ಹಕ್ಕಿ ಹೋಗಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ.

ವಹಿಯಲ್ಲಿದ್ದದ್ದನ್ನು ವಾರಕ್ಕೊಮ್ಮೆ ಹಕ್ಕಿಪಟ್ಟಿಗಳ ಜಾಲತಾಣವಾದ ಇ-ಬರ್ಡ್‌ನಲ್ಲಿ ಹಾಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮಕ್ಕಳ ಬರಹಕ್ಕೆ ಏನು ಬೆಲೆ ಎಂದು ಯಾರಾದರೂ ಕೇಳಿದರೆ ಇದನ್ನು ಹೇಳು: 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಆಧಾರವಾದದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನ ಬರೆದ ಇಂಥ ಪಟ್ಟಿಗಳೇ. 942 ಜಾತಿಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ದೀರ್ಘ ಕಾಲದ ಲೆಕ್ಕ ಸಿಕ್ಕಿದ್ದು 338ಕ್ಕೆ ಮಾತ್ರ, ಅವುಗಳಲ್ಲಿ ನೂರಕ್ಕೆ ಅರವತ್ತು ಕಡಿಮೆಯಾಗಿವೆ. ನಮ್ಮ ರಾಜ್ಯದ ಹಕ್ಕಿ ನೀಲಕಂಠವೂ ಇಳಿದಿದೆ. ಉಳಿದ ಆರುನೂರು ಹಕ್ಕಿಗಳ ದೀರ್ಘ ಲೆಕ್ಕ ಯಾಕಿಲ್ಲ? ನಮ್ಮಂಥ ಊರುಗಳಲ್ಲಿ ನಮ್ಮಂಥವರು ಬರೆದಿಡಲಿಲ್ಲ, ಅದಕ್ಕೆ.

ಅದೇ ವರದಿಯಲ್ಲಿ ಬಯಲು ನಾಡಿನ ಹಕ್ಕಿಗಳು, ಬೇಟೆ ಹಕ್ಕಿಗಳು ಹೆಚ್ಚು ಇಳಿದಿವೆ ಎಂದಿದೆ. ನನಗೆ ಅದು ಓದಿ ತಿಳಿದದ್ದಲ್ಲ. ಹುಮನಾಬಾದಿನ ಹತ್ತಿರ ಜಂಬಿಟ್ಟಿಗೆ ನೆಲದ ಒಂದು ಗಾಯರಾಣವಿತ್ತು. ಮೊಣಕಾಲುದ್ದ ಹುಲ್ಲು. ಮಾಗಿಯ ಸಂಜೆ ಹೊತ್ತು ಮುಳುಗುವಾಗ ಹ್ಯಾರಿಯರ್ ಗಿಡುಗಗಳು ಒಂದೊಂದಾಗಿ ಹೊಲಗಳ ಮೇಲಿಂದ ತೇಲುತ್ತ ಬಂದು ಆ ಹುಲ್ಲಿನೊಳಗೆ ನೆಲದ ಮೇಲೆಯೇ ಇಳಿದು ರಾತ್ರಿ ಕಳೆಯುತ್ತಿದ್ದವು. ಅವು ಗಿಡದ ಮೇಲೆ ಮಲಗುವ ಹಕ್ಕಿಯಲ್ಲ. ಹಗಲೆಲ್ಲ ತೊಗರಿ, ಕಡಲೆ ಹೊಲಗಳಲ್ಲಿ ಮಿಡತೆ, ಇಲಿ ಹಿಡಿದು ತಿಂದು ಏಪ್ರಿಲ್ ಹೊತ್ತಿಗೆ ಕಜಾಕಸ್ತಾನದ ಹುಲ್ಲುಗಾವಲಿಗೆ ಹೋಗುತ್ತಿದ್ದವು. ಒಂದು ವರ್ಷ ಒಂದು ಇಲಾಖೆಯವರು ಬಂದು ಅದು ಬರಡು ನೆಲ ಎಂದು ತಿಳಿದು ಸಾಲಾಗಿ ಗುಂಡಿ ತೋಡಿ ಸಸಿ ನೆಟ್ಟರು. ಫೋಟೋ ತೆಗೆದರು. ಮೂರು ವರ್ಷದಲ್ಲಿ ಗಿಡ ಎದ್ದವು, ಹುಲ್ಲು ಹೋಯಿತು, ಆಮೇಲೆ ಒಂದು ಹ್ಯಾರಿಯರ್ ಕೂಡ ಅಲ್ಲಿ ಇಳಿಯಲಿಲ್ಲ. ಆ ಗಿಡಗಳಲ್ಲಿ ಅರ್ಧ ಒಣಗಿವೆ. ಎರೆಭೂತ ಎಂಬ ದೊಡ್ಡ ಹಕ್ಕಿ ನಮ್ಮ ಬಯಲಿನಿಂದ ಹೋದದ್ದೂ ಹುಲ್ಲು ಹೋದ ದಾರಿಯಲ್ಲೇ. ಅದಕ್ಕಾಗಿ ಸೊಲ್ಲಾಪುರದ ನಾನ್ನಜದಲ್ಲಿ 1979ರಲ್ಲಿ ಅಭಯಾರಣ್ಯವನ್ನೇ ಮಾಡಿದರು, ಅಲ್ಲೂ ಈಗ ಅದು ಕಾಣುವುದು ಅಪರೂಪ. ಆದ್ದರಿಂದ ನಿನ್ನ ಪಕ್ಷಿ ತಂಡಕ್ಕೆ ಗಾಯರಾಣದಲ್ಲಿ ಸಸಿ ನೆಡಿಸುವ ಕಾರ್ಯಕ್ರಮಕ್ಕೆ ಕರೆ ಬಂದರೆ ಹೋಗಬೇಡ. ಊರೊಳಗೆ, ಶಾಲೆಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಬೇವು, ಮುತ್ತಲ ಹಚ್ಚೋಣ ಎಂದು ಹೇಳು. ಹುಲ್ಲನ್ನು ಹುಲ್ಲಾಗಿಯೇ ಬಿಡಿ ಎಂದು ಕೈಮುಗಿದು ಹೇಳು. ಈ ಒಂದು ವಿಷಯದಲ್ಲಿ ಮೃದುವಾಗಬೇಡ.

ಚೈತ್ರ ಮುಗಿದ ಮೇಲೆ ನಡಿಗೆ ನಿಲ್ಲಿಸಿಬಿಡಬೇಡ. ಏಪ್ರಿಲ್ ಕಡೆ, ಮೇ ತಿಂಗಳಲ್ಲಿ ನವರಂಗ ಎಂಬ ಹಕ್ಕಿ ಶ್ರೀಲಂಕಾ, ದಕ್ಷಿಣದ ಕಾಡುಗಳಿಂದ ಮಧ್ಯ ಭಾರತ, ಹಿಮಾಲಯದ ತಪ್ಪಲಿಗೆ ಹೋಗುವಾಗ ನಮ್ಮ ಮೇಲಿಂದ ಹಾದುಹೋಗುತ್ತದೆ. ಹಸಿರು, ನೀಲಿ, ಕೆಂಪು, ಕಂದು, ಅಷ್ಟೆಲ್ಲ ಬಣ್ಣ ಹೊತ್ತೂ ಒಣ ಎಲೆಗಳ ನಡುವೆ ಕಾಣದ ಹಾಗೆ ಇರುತ್ತದೆ. ದಣಿದು ಬೆಳಗಿನ ಜಾವ ಮನೆಯ ವರಾಂಡದಲ್ಲಿ, ಶಾಲೆಯ ಕಿಟಕಿ ಕೆಳಗೆ ಬಿದ್ದಿರುವುದುಂಟು. ಅಂಥದ್ದು ಸಿಕ್ಕರೆ ಬೆಕ್ಕು ನಾಯಿ ಮುಟ್ಟದಂತೆ ರಟ್ಟಿನ ಡಬ್ಬಿಗೆ ಗಾಳಿ ಆಡಲು ತೂತು ಮಾಡಿ ಒಳಗಿಟ್ಟು, ಕತ್ತಲ ಕೋಣೆಯಲ್ಲಿ ಬಿಟ್ಟು, ಯಾರೂ ಇಣುಕದೆ ಇದ್ದರೆ ಬಹಳ ಸಲ ಸಂಜೆಗೆ ಚೇತರಿಸಿಕೊಳ್ಳುತ್ತದೆ. ಬಾಯಿಗೆ ನೀರು ಹಾಕಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಚೇತರಿಸದಿದ್ದರೆ ಅರಣ್ಯ ಇಲಾಖೆಗೆ ಫೋನು ಮಾಡಿ. ಮಿರಗದ ಮಳೆಯ ಹೊತ್ತಿಗೆ ಚಾತಕ ಕೂಗುತ್ತದೆ. ಅದರಲ್ಲಿ ಬಹಳಷ್ಟು ಆಫ್ರಿಕಾದಿಂದ ಸಮುದ್ರ ದಾಟಿ ಬಂದಿರುತ್ತವೆ. ಹೋದವರ ಲೆಕ್ಕ ಬರೆದ ಮಕ್ಕಳು ಆಗ ಬಂದವರ ಲೆಕ್ಕವನ್ನೂ ಬರೆಯಲಿ.

ರಂಗನತಿಟ್ಟಿನಂತೆ ದೋಣಿ, ಟಿಕೆಟ್ಟು, ಗೈಡು ಇರುವ ಪಕ್ಷಿಧಾಮ ನಮ್ಮ ಈ ಎರಡು ತಾಲ್ಲೂಕುಗಳಲ್ಲಿ ಇಲ್ಲ. ಅದಕ್ಕೆ ಬೇಸರ ಬೇಡ. ಒಂದೇ ಕೋಟೆ, ಒಂದೇ ಕೆರೆ, ಒಂದೇ ಮುತ್ತಲ ಗಿಡ. ವಾರ ತಪ್ಪದೆ ಅಲ್ಲಿಗೇ ಹೋಗು. ಅಪರೂಪದ ಹಕ್ಕಿಯ ಸುದ್ದಿ ಕೇಳಿ ಮೋಟಾರ್ ಸೈಕಲ್ ಹತ್ತಿ ಓಡುವವರ ಹಿಂದೆ ಓಡಬೇಡ. ಓಡುವವನ ವಹಿಯಲ್ಲಿ ಹೆಸರುಗಳು ಬಹಳ ಇರುತ್ತವೆ, ಕಡೆಯ ದಿನಗಳು ಇರುವುದಿಲ್ಲ.

ಹೋದ ವರ್ಷ ಕೋಟೆಯ ಥಿರಥಿರಾ ನನಗೆ ಕಡೆಯ ಸಲ ಕಂಡದ್ದು ಏಪ್ರಿಲ್ 2ರ ಬೆಳಿಗ್ಗೆ, ಯುಗಾದಿ ಆಗಿ ಮೂರನೆಯ ದಿನ. ಮುಂದಿನ ಒಂದು ವಾರ ಬಸ್ಸಿನಲ್ಲಿ ದಿನಾ ಬಂದು ನೋಡಿದೆ, ಕಾಣಲಿಲ್ಲ. ಈ ಸಲ ಮೊಣಕಾಲು ಬಸ್ಸು ಹತ್ತಲು ಬಿಡುತ್ತಿಲ್ಲ. ಮಾರ್ಚ್ 20ರಿಂದ ನೀನು ಶಾಲೆಗೆ ಹೋಗುವ ಮೊದಲು ಹತ್ತು ನಿಮಿಷ ಕೋಟೆಯ ಹೊರಗೋಡೆಯ ಹತ್ತಿರ ನಿಂತು ಹೋಗು. ಕಂಡರೂ ಬರೆ, ಕಾಣದಿದ್ದರೂ ಬರೆ. ಏಳು ದಿನ ಸತತ ಕಾಣದಿದ್ದರೆ ನನಗೊಂದು ಫೋನು ಮಾಡು. ಅದು ಕಡೆಗೆ ಕಂಡ ತಾರೀಖನ್ನು ನನ್ನ ವಹಿಯಲ್ಲೂ ಬರೆದುಕೊಳ್ಳುತ್ತೇನೆ.